ಜಲ್ಲಿ ರಸ್ತೆಗೆ ತಕ್ಕ ಫಟಫಟಿ

ಕಳೆದ ಮೂರು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಪತ್ರಗಳು, ಬರೆದವರು ಮೊದಲೇ ಮಾತಾಡಿಕೊಂಡಿದ್ದರೋ ಎಂಬಂತೆ, ಒಂದೇ ವಿಷಯವನ್ನು ಎತ್ತಿವೆ. ಸೂರತ್ತಿನ ಬ್ಯಾಂಕ್ ನೌಕರರೊಬ್ಬರು, ಬೈಲಹೊಂಗಲದ ಕಡೆಯವರು, ಡಾಂಗ್ ಜಿಲ್ಲೆಯ ಕಾಡುದಾರಿಗಳಲ್ಲಿ ತಿರುಗಾಡಲೂ ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲೂ ಒದಗುವ ಮೋಟಾರು ಸೈಕಲ್ಲು ಯಾವುದೆಂದು ಕೇಳಿದ್ದಾರೆ. ಹಿಂದೆ ಮನೆಯವರೂ ಕೂಡಬೇಕಂತೆ. ವಡೋದರೆಯಿಂದ ಬರೆದ ತರುಣರು ಹಾಲೋಲಿನಲ್ಲಿ ನೌಕರಿಯಲ್ಲಿರುವವರು. ಎತ್ತರ ಐದು ಅಡಿ ನಾಲ್ಕು ಅಂಗುಲ. ಅಂಗಡಿಯಲ್ಲಿ ಹತ್ತಿ ನೋಡಿದ ಗಾಡಿಗಳ ಮೇಲೆಲ್ಲ ತಮ್ಮ ಕಾಲು ಗಾಳಿಯಲ್ಲೇ ಆಡಿತೆಂದು ನೊಂದುಕೊಂಡಿದ್ದಾರೆ.

ಮೂರನೆಯದು ಅಹಮದಾಬಾದಿನ ತಾಯಿಯೊಬ್ಬರ ಕಾಗದ. ಇಪ್ಪತ್ತಮೂರು ವರ್ಷದ ಮಗ ಕೆಲಸಕ್ಕೆ ಸೇರಿ ಒಂದೂವರೆ ವರ್ಷದಲ್ಲಿ ಹಣ ಕೂಡಿಟ್ಟು, "ಅಡ್ವೆಂಚರ್ ಬೈಕೇ ಬೇಕು" ಎಂದು ಕುಳಿತಿದ್ದಾನೆ. ತಂದೆ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಮನೆಯಲ್ಲಿ ಎರಡು ವಾರದಿಂದ ಊಟದ ಹೊತ್ತಿಗೆ ಮಾತಿಲ್ಲ. "ಬೇಡವೆಂದರೆ ಸಾಲ ಮಾಡಿ ತರುತ್ತಾನೆ, ಆಗಲಿ ಎಂದರೆ ನನಗೆ ನಿದ್ದೆ ಬರುವುದಿಲ್ಲ, ಏನು ಹೇಳಲಿ?" ಎಂದು ಆಕೆ ಕೇಳಿದ್ದಾರೆ. ಮೊದಲ ಇಬ್ಬರ ಪ್ರಶ್ನೆಗೆ ಉತ್ತರ ಹೇಳಿಕೊಂಡು ಹೋದರೆ ಈ ತಾಯಿಯ ಪ್ರಶ್ನೆಗೂ ದಾರಿ ಸಿಕ್ಕೀತು ಎಂದು ನಮ್ಮ ಎಣಿಕೆ.

ಅಡ್ವೆಂಚರ್ ಬೈಕ್ ಎಂದು ಅಂಗಡಿಯವರು ಕರೆಯುವ ಈ ಗಾಡಿಯೆಂದರೆ, ಡಾಂಬರಿನ ಮೇಲೆ ದಿನವಿಡೀ ಓಡಿ, ಡಾಂಬರು ಮುಗಿದಲ್ಲಿ ನಿಲ್ಲದೆ ಜಲ್ಲಿ, ಗರಸು, ಕೆಮ್ಮಣ್ಣಿನ ಮೇಲೂ ಮುಂದುವರಿಯಬಲ್ಲದ್ದು. ನೆಲದಿಂದ ಎತ್ತರ, ಉದ್ದನೆಯ ಸ್ಪ್ರಿಂಗು, ದೊಡ್ಡ ಮುಂಗಾಲಿ, ಅಗಲವಾದ ಹ್ಯಾಂಡಲ್ಲು ಇದರ ಲಕ್ಷಣ. ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ಹಿರಿಯರು ಮಲೆನಾಡಿನಲ್ಲಿ ಅಡಿಕೆಯ ಮೂಟೆ ಹೇರಿಕೊಂಡು ಜಾವಾ ಓಡಿಸುತ್ತಿದ್ದ ದಾರಿಗಳನ್ನು ಯಾರೂ ಸಾಹಸವೆಂದು ಕರೆಯಲಿಲ್ಲ. ಸಂತೆಗೆ ಹೋಗುವ ದಾರಿ ಎನ್ನುತ್ತಿದ್ದರು. ಆ ಜಾವಾ ಗಾಡಿಗಳು ತಯಾರಾದದ್ದು ನಮ್ಮ ಮೈಸೂರಿನಲ್ಲೇ, 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಮುಂದೆ ಅದೇ ಗಾಡಿಗೆ ಎಜ್ಡಿ ಎಂಬ ಹೆಸರು ಬಂತು. ಕಾರ್ಖಾನೆಯನ್ನು ಕಟ್ಟಿದ ಇರಾನಿ ಮನೆತನದವರು ತಮ್ಮ ಪೂರ್ವಿಕರ ನೆಲದ ಯಜ್ದ್ ಎಂಬ ಪಟ್ಟಣದ ನೆನಪಿಗೆ ಇಟ್ಟ ಹೆಸರದು. ಉದ್ವಾಡ, ನವಸಾರಿಗಳ ಪಾರಸಿಗಳನ್ನು ನೆರೆಯಲ್ಲೇ ಕಾಣುವ ನಮಗೆ ಆ ಹೆಸರಿನ ಮೂಲವನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರ ಜನವರಿಯಲ್ಲಿ ಎಜ್ಡಿ ಎಂಬ ಹೆಸರು ಮತ್ತೆ ಪೇಟೆಗೆ ಬಂದಾಗ ಅದರ ಮೂರು ಗಾಡಿಗಳಲ್ಲಿ ಒಂದು ಈ ಸಾಹಸದ ಜಾತಿಯದೇ. ಆದರೆ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಮಪುರದಲ್ಲಿ. ಇದನ್ನು ಕೇಳಿ ಮೈಸೂರಿನವರೊಬ್ಬರು ನಮ್ಮೆದುರು ನಿಟ್ಟುಸಿರಿಟ್ಟದ್ದುಂಟು.

ಇನ್ನು "ಮಧ್ಯಮ ತೂಕ" ಎಂಬ ಮಾತು. ಇದರಿಂದ ನಮ್ಮ ತರುಣರು ಬಹಳ ಮೋಸಹೋಗುತ್ತಾರೆ. ಯುರೋಪು ಅಮೆರಿಕಗಳಲ್ಲಿ ಮಧ್ಯಮವೆಂದರೆ 700ರಿಂದ 900 ಸಿ.ಸಿ. ನಮ್ಮಲ್ಲೂ ಮಾರಾಟಕ್ಕೆ ಬಂದ ಸುಜುಕಿಯ ವಿ-ಸ್ಟ್ರಾಮ್ 800 ಡಿ.ಇ. ಎಂಬ ಗಾಡಿಯನ್ನೇ ನೋಡಿ: ತೂಕ ಸುಮಾರು 230 ಕಿಲೋ, ಸೀಟಿನ ಎತ್ತರ 855 ಮಿಲಿಮೀಟರ್, ಬೆಲೆ ಹತ್ತು ಲಕ್ಷಕ್ಕೂ ಮೇಲೆ. ಆರಡಿ ಎತ್ತರದ ಬಿಳಿಯ ಆಸಾಮಿಯೊಬ್ಬ ಅಂಥದನ್ನು ಆಟದ ಸಾಮಾನಿನಂತೆ ಎಸೆದಾಡುವುದನ್ನು ಮೊಬೈಲಿನಲ್ಲಿ ನೋಡಿ, "ಮಧ್ಯಮವೇ ಹೀಗಿದ್ದರೆ 400 ಸಿ.ಸಿ. ಎಂದರೆ ಮಕ್ಕಳ ಗಾಡಿ" ಎಂದು ತೀರ್ಮಾನಿಸುತ್ತಾರೆ. ನಮ್ಮ ಮೈಕಟ್ಟಿಗೂ ರಸ್ತೆಗೂ ಕೈಯಲ್ಲಿರುವ ಕಾಸಿಗೂ ಮಧ್ಯಮವೆಂದರೆ 200ರಿಂದ 450 ಸಿ.ಸಿ., 160ರಿಂದ 200 ಕಿಲೋ. ಈ ಅಳತೆಯನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು.

ಎಂಜಿನ್ನಿನ ಶಕ್ತಿ ಎಷ್ಟು ಬೇಕು? ನಾವು ಯಾವ ರಸ್ತೆಯಲ್ಲಿ ಓಡಿಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಗುಜರಾತಿನ ಅತಿ ಚೆನ್ನಾದ ರಸ್ತೆಗಳು ನಮಗೆ ಮುಚ್ಚಿದ ಬಾಗಿಲುಗಳು. ಅಹಮದಾಬಾದು-ವಡೋದರೆಯ 93 ಕಿಲೋಮೀಟರಿನ ಎಕ್ಸ್‌ಪ್ರೆಸ್ ದಾರಿಯಲ್ಲಿ ದ್ವಿಚಕ್ರಿಗಳಿಗೆ ಪ್ರವೇಶವಿಲ್ಲ. ದೆಹಲಿ-ಮುಂಬಯಿ ಎಕ್ಸ್‌ಪ್ರೆಸ್ ದಾರಿಯ ವಡೋದರೆ-ಭರೂಚ್ ಭಾಗ 2024ರಲ್ಲಿ ತೆರೆಯಿತು, ಅಲ್ಲಿಯೂ ಇಲ್ಲ. ಮುಂಬಯಿ-ಪುಣೆಯದರಲ್ಲಿಯೂ ಇಲ್ಲ. ನಮಗೆ ಉಳಿದದ್ದು ರಾಷ್ಟ್ರೀಯ ಹೆದ್ದಾರಿ 48. ದೆಹಲಿಯಿಂದ ಚೆನ್ನೈಗೆ ಹೋಗುವ ಈ ಹೆದ್ದಾರಿ ಅಹಮದಾಬಾದು, ವಡೋದರೆ, ಸೂರತ್ತುಗಳ ಮಗ್ಗುಲಲ್ಲೇ ಹಾದು, ವಾಪಿ, ಪುಣೆ, ಸಾತಾರ, ಕೊಲ್ಲಾಪುರಗಳನ್ನು ಕಳೆದು, ನಿಪ್ಪಾಣಿಯ ಬಳಿ ನಮ್ಮ ನಾಡನ್ನು ಹೊಕ್ಕು, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮನೆಯ ಹತ್ತಿರ ಹಿಡಿದ ರಸ್ತೆಯನ್ನು ಬಿಡದೆ ತವರೂರಿಗೆ ಮುಟ್ಟಬಹುದು ಎನ್ನುವುದು ಪರದೇಶದಲ್ಲಿ ಬಾಳುವವನಿಗೆ ಸಣ್ಣ ಸಮಾಧಾನವಲ್ಲ. ಸೂರತ್ತಿನ ಮಿತ್ರರ ಆಸೆ ನಮಗೆ ಅರ್ಥವಾಗುತ್ತದೆ.

ಆದರೆ ಈ ಹೆದ್ದಾರಿಯಲ್ಲಿ ಮೋಟಾರು ಸೈಕಲ್ಲಿಗೆ ಕೇಂದ್ರ ಸರಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಇಬ್ಬರು ಕುಳಿತು, ಹಿಂದೆ ಎರಡು ಚೀಲ ಕಟ್ಟಿ, 80ರಲ್ಲಿ ನಡೆಯುತ್ತ ಲಾರಿಯನ್ನು ದಾಟಲು ಸ್ವಲ್ಪ ಉಳಿಕೆ ಇರಬೇಕೆಂದರೆ 25ರಿಂದ 35 ಅಶ್ವಶಕ್ತಿ ಧಾರಾಳ. ಅದಕ್ಕಿಂತ ಹೆಚ್ಚಿನದಕ್ಕೆ ಕೊಡುವ ಹಣ ಬಹುಮಟ್ಟಿಗೆ ಮನಸ್ಸಿನ ತೃಪ್ತಿಗೆ. ಊರಿಗೆ ಹೋಗುವವರು ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು: ಅಹಮದಾಬಾದಿನಿಂದ ಬೆಳಗಾವಿ ಸುಮಾರು ಸಾವಿರ ಕಿಲೋಮೀಟರ್. ಊಟ, ವಿಶ್ರಾಂತಿ ಸೇರಿ ಗಂಟೆಗೆ 50ರ ಸರಾಸರಿ ಬಿದ್ದರೆ ಅದೃಷ್ಟ. ಅಂದರೆ ತುಂಬ ಎರಡು ದಿನ. ಒಂದೇ ಓಟದಲ್ಲಿ ಮುಗಿಸಿದೆವೆಂದು ಹೇಳಿಕೊಳ್ಳುವ ಶೂರರನ್ನು ಅನುಸರಿಸಬೇಡಿ. ಊರಿನಲ್ಲಿ ಮಾತ್ರ ಗಾಡಿ ಬೇಕು ಎನ್ನುವವರು ಪೆಟ್ರೋಲು ಖಾಲಿ ಮಾಡಿಸಿ ರೈಲಿನಲ್ಲಿ ಪಾರ್ಸೆಲ್ ಹಾಕಬಹುದು. ಗಾಂಧೀಧಾಮ-ಬೆಂಗಳೂರು, ಅಜ್ಮೇರ್-ಮೈಸೂರು ಗಾಡಿಗಳು ನಮ್ಮ ಮೂರು ಊರುಗಳನ್ನೂ ಮುಟ್ಟಿಕೊಂಡೇ ಹುಬ್ಬಳ್ಳಿಗೆ ಹೋಗುತ್ತವಷ್ಟೆ.

ಈಗ ಜಲ್ಲಿಯ ಮಾತಿಗೆ ಬರೋಣ. ಸೂರತ್ತಿನಿಂದ ಸಾಪುತಾರ ನೂರಾಅರವತ್ತು ಕಿಲೋಮೀಟರಿನ ಆಸುಪಾಸು. ವಘಈಯಿಂದ ಮೇಲೆ ತೇಗ ಬಿದಿರಿನ ಕಾಡು, ಘಟ್ಟದ ತಿರುವು. ಮುಖ್ಯ ರಸ್ತೆ ಚೆನ್ನಾಗಿಯೇ ಇದೆ. ಆದರೆ ಆಹವಾದ ಸುತ್ತಿನ ಹಳ್ಳಿಗಳಿಗೆ ಒಳಹೊಕ್ಕರೆ, ಅದರಲ್ಲೂ ಮಳೆಗಾಲ ಕಳೆದ ಮೇಲೆ, ಡಾಂಬರು ಕಿತ್ತು ಜಲ್ಲಿ ಎದ್ದಿರುತ್ತದೆ. ವಡೋದರೆಯವರಿಗೆ ಪಾವಾಗಢ ದಾಟಿದರೆ ಜಾಂಬುಘೋಡಾ ಕಾಡು ಇದೆ. ಅಹಮದಾಬಾದಿನವರಿಗೆ ವಿಜಯನಗರದ ಪೋಲೊ ಕಾಡು, ಇತ್ತ ಚಿಕ್ಕ ರಣ. ರಣದ ವಿಷಯದಲ್ಲಿ ಒಂದು ಎಚ್ಚರಿಕೆ: ಅದು ಕಾಡುಕತ್ತೆಗಳ ಅಭಯಾರಣ್ಯ, ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಮೇಲೆ ಒಣಗಿದ ಹಪ್ಪಳದಂತೆ ಕಾಣುವ ನೆಲದ ಕೆಳಗೆ ಕೆಸರಿರುತ್ತದೆ. ಗಾಲಿ ಒಮ್ಮೆ ಹಪ್ಪಳವನ್ನು ಮುರಿಯಿತೆಂದರೆ ಯಾವ ಕಂಪನಿಯ ಗಾಡಿಯೂ ತಾನಾಗಿ ಎದ್ದು ಬರುವುದಿಲ್ಲ. ಡಾಂಗಿನಲ್ಲಿಯೂ ಅಷ್ಟೇ, ಹಳ್ಳಿಯ ದಾರಿ ಬಿಟ್ಟು ಕಾಡಿನೊಳಗೆ ನುಗ್ಗುವುದು ಅರಣ್ಯ ಇಲಾಖೆಗೂ ಮೃಗಗಳಿಗೂ ಸಲ್ಲದ ಕೆಲಸ.

ಜಲ್ಲಿಯ ಮೇಲೆ ಗಾಲಿ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಕಣದಲ್ಲಿ ಹರವಿದ ಜೋಳದ ಮೇಲೆ ಕಾಲಿಟ್ಟ ನೆನಪು ಸಾಕು. ಕಾಳಿನ ಮೇಲೆ ಕಾಳು ಜಾರುತ್ತದೆ, ಹೆಜ್ಜೆ ಊರುವುದೇ ಇಲ್ಲ. ಗಾಲಿಯೂ ಹೀಗೆಯೇ ತೇಲುತ್ತದೆ. ಗಾಲಿ ದೊಡ್ಡದಾದಷ್ಟೂ ಕಲ್ಲು, ಕುಳಿ, ಚಕ್ಕಡಿಯ ಜಾಡುಗಳ ಮೇಲೆ ಸುಲಭವಾಗಿ ಹತ್ತಿ ಇಳಿಯುತ್ತದೆ. ಸಣ್ಣ ಗಾಲಿ ಅದೇ ಕುಳಿಯೊಳಗೆ ಬಿದ್ದು ಮುಗ್ಗರಿಸುತ್ತದೆ. ಸಾಧಾರಣ ಬೈಕಿನ ಮುಂಗಾಲಿ 17 ಅಂಗುಲ. ಈ ಜಾತಿಯಲ್ಲಿ 19 ಅಥವಾ 21. ಕಾಲುಭಾಗ ಜಲ್ಲಿ, ಮುಕ್ಕಾಲು ಡಾಂಬರು ಎನ್ನುವವರಿಗೆ 19 ಚೆನ್ನ, ಡಾಂಬರಿನ ತಿರುವುಗಳಲ್ಲಿ ಚುರುಕಾಗಿ ಹೊರಳುತ್ತದೆ. ಕಲ್ಲುದಾರಿಯೇ ಹೆಚ್ಚು ಎನ್ನುವವರು 21ನ್ನು ಹಿಡಿಯಬೇಕು. ಇದಕ್ಕೆ ಜೊತೆಯಾಗಿ ನೆಲದಿಂದ ಎಂಜಿನ್ನಿನ ತಳಕ್ಕೆ 200 ಮಿಲಿಮೀಟರಾದರೂ ಅಂತರ, ತಳಕ್ಕೆ ಒಂದು ಗಟ್ಟಿ ತಗಡು ಇರಲಿ.

ಕಡ್ಡಿಯ ಗಾಲಿ ಮೇಲೋ ಅಲಾಯ್ ಗಾಲಿ ಮೇಲೋ ಎಂಬ ಜಗಳ ನಮ್ಮ ಕಡೆ ದ್ವೈತ ಅದ್ವೈತದ ವಾದದಂತೆ, ಮುಗಿಯುವುದಿಲ್ಲ. ಕಡ್ಡಿಯ ಗಾಲಿ ಪೆಟ್ಟು ಬಿದ್ದರೆ ಬಾಗುತ್ತದೆ, ಮತ್ತೆ ನೇರ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಎಸೆಯಬೇಕು. ಆದರೆ ಸಾಮಾನ್ಯ ಕಡ್ಡಿಯ ಗಾಲಿಗೆ ಒಳಗೆ ಟ್ಯೂಬು. ಮನೋರಿನ ಬಳಿ ರಾತ್ರಿ ಎಂಟು ಗಂಟೆಗೆ ಪಂಕ್ಚರ್ ಆದರೆ ಗಾಲಿ ಬಿಚ್ಚಿ, ಟಯರು ಕಳಚಿ, ತೇಪೆ ಹಾಕಬೇಕು. ಟ್ಯೂಬಿಲ್ಲದ ಟಯರಾದರೆ ಮೊಳೆ ಕಿತ್ತು, ಅಂಟುಬತ್ತಿ ತುರುಕಿ, ಗಾಳಿ ತುಂಬಿ, ಕಾಲು ಗಂಟೆಯಲ್ಲಿ ಹೊರಡಬಹುದು. ಹೆಂಡತಿಯೊಡನೆ ಪ್ರಯಾಣ ಮಾಡುವವರು ಟ್ಯೂಬಿಲ್ಲದ್ದನ್ನೇ ಆರಿಸಲಿ. ಈ ಮಾತಿನಲ್ಲಿ ನಮಗೆ ಸಂದೇಹವಿಲ್ಲ.

ಬ್ರೇಕಿನದು ಸೂಕ್ಷ್ಮ ವಿಷಯ. 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ಗಾಡಿಗಳಿಗೂ 2019ರ ಏಪ್ರಿಲಿನಿಂದ ಎ.ಬಿ.ಎಸ್. ಕಡ್ಡಾಯ. ಗಟ್ಟಿಯಾಗಿ ಬ್ರೇಕು ಹಿಡಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಒದ್ದೆ ಡಾಂಬರಿನ ಮೇಲೆ ಪ್ರಾಣ ಕಾಯುವ ಈ ಉಪಾಯ ಸಡಿಲ ಜಲ್ಲಿಯ ಮೇಲೆ ಕೆಲವೊಮ್ಮೆ ಗಾಡಿಯನ್ನು ಬೇಗ ನಿಲ್ಲಗೊಡುವುದಿಲ್ಲ. ಕಚ್ಚಿಕೊಂಡ ಗಾಲಿಯಾದರೆ ತನ್ನ ಮುಂದೆ ಜಲ್ಲಿಯ ಒಡ್ಡು ಕಟ್ಟಿ ನಿಲ್ಲುತ್ತದೆ. ತಿರುಗುತ್ತಲೇ ಇರುವ ಗಾಲಿ ಒಡ್ಡು ಕಟ್ಟುವುದಿಲ್ಲ. ಆದಕಾರಣ ಹಿಂಗಾಲಿಯ ಎ.ಬಿ.ಎಸ್. ಮಾತ್ರ ಬೇಕಾದಾಗ ಆರಿಸುವ ಗುಂಡಿ ಇರುವ ಗಾಡಿ ಇಳಿಜಾರಿನ ಜಲ್ಲಿಗೆ ಒಳ್ಳೆಯದು. ಮುಂದಿನದನ್ನು ಆರಿಸುವ ಗೊಡವೆಗೆ ಹೋಗಬೇಡಿ.

ಇಷ್ಟೆಲ್ಲ ಹೇಳಿದರೂ ನಮ್ಮ ಮಟ್ಟಿಗೆ ಆಯ್ಕೆಯ ಮೊದಲ ಪ್ರಶ್ನೆ ಬೇರೆ: ಈ ಗಾಡಿ ಬಿದ್ದರೆ ಒಬ್ಬನೇ ಎತ್ತಬಲ್ಲೆನೇ? ಜಲ್ಲಿಯ ಮೇಲೆ ಓಡಿಸುವವನು ಬೀಳದೆ ಇರುವುದಿಲ್ಲ. ಹೆಚ್ಚಾಗಿ ಅದು ವೇಗದ ಬೀಳು ಅಲ್ಲ. ನಿಂತಲ್ಲೇ ಕಾಲು ಜಾರಿ, ಮರಳಿನಲ್ಲಿ ತಿರುಗಿಸಲು ಹೋಗಿ, ಮೆಲ್ಲನೆ ಎಮ್ಮೆ ಮಲಗಿದಂತೆ ಮಲಗಿಬಿಡುತ್ತದೆ. ಸಿಮೆಂಟಿನ ಚೀಲ 50 ಕಿಲೋ ಎಂದು ಎಲ್ಲರಿಗೂ ಗೊತ್ತು. ಮನೆಯ ಸ್ಕೂಟರು ಎರಡು ಚೀಲದ ಹತ್ತಿರ. ಹೀರೋ ಕಂಪನಿಯ ಎಕ್ಸ್‌ಪಲ್ಸ್ 210 ಮೂರೂವರೆ ಚೀಲಕ್ಕೆ ಸ್ವಲ್ಪ ಕಡಿಮೆ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450 ಎಂಬುದು 196 ಕಿಲೋ, ಅಂದರೆ ನಾಲ್ಕು ಚೀಲ. ಮೇಲೆ ಪೆಟ್ಟಿಗೆ, ಸಾಮಾನು. ಮಧ್ಯಾಹ್ನದ ಬಿಸಿಲಿನಲ್ಲಿ, ಸುತ್ತ ಯಾರೂ ಇಲ್ಲದ ಕಡೆ, ನಾಲ್ಕು ಚೀಲ ಎತ್ತುವುದು ಎಂದರೇನೆಂದು ಯೋಚಿಸಿ.

ಎತ್ತುವುದಕ್ಕೂ ಒಂದು ವಿದ್ಯೆ ಇದೆ. ಮೊದಲು ಎಂಜಿನ್ ಆರಿಸಿ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ, ಇಲ್ಲವಾದರೆ ಎತ್ತಿದ ಜೋರಿಗೆ ಆಚೆ ಕಡೆಗೆ ಉರುಳುತ್ತದೆ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್ಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನು ಬಾಗಿಸದೆ ಮೊಣಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಬೇಕು. ಹೀಗೆ ಮಾಡಿ ತೆಳ್ಳನೆಯ ಹುಡುಗಿಯರೂ ದೊಡ್ಡ ಗಾಡಿಗಳನ್ನು ಎತ್ತುತ್ತಾರೆ. ಎದುರಿಗೆ ನಿಂತು ತೋಳಿನಿಂದ ಎತ್ತಲು ಹೋದ ಪೈಲವಾನರು ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅಂಗಡಿಯವನು ಹೊಸ ಗಾಡಿಯನ್ನು ಮಲಗಿಸಿ ತೋರಿಸನು. ಆ ಗಾಡಿ ಇರುವ ಪರಿಚಿತರನ್ನು ಹುಡುಕಿ, ಹುಲ್ಲಿನ ಮೇಲೆ ಮಲಗಿಸಿ, ಎತ್ತಿ ನೋಡಿದ ಮೇಲೆಯೇ ಮುಂಗಡ ಕೊಡುವುದು ಜಾಣತನ.

ವಡೋದರೆಯ ತರುಣರು ಕಾಲು ಎಟುಕದ್ದಕ್ಕೆ ಎದೆಗುಂದಬೇಕಾಗಿಲ್ಲ. ಸೀಟಿನ ಎತ್ತರದ ಅಂಕೆ ಪೂರ್ತಿ ಸತ್ಯ ಹೇಳುವುದಿಲ್ಲ; ಕುಳಿತಾಗ ಸ್ಪ್ರಿಂಗು ಇಳಿಯುತ್ತದೆ, ಸೀಟು ಮುಂದಕ್ಕೆ ಕಿರಿದಾಗಿದ್ದರೆ ಕಾಲು ನೇರ ಕೆಳಗೆ ಹೋಗುತ್ತದೆ. ಎರಡೂ ಪಾದ ಪೂರ್ತಿ ಊರಬೇಕೆಂಬ ಹಟ ಬೇಡ. ಒಂದು ಪಕ್ಕಕ್ಕೆ ಸ್ವಲ್ಪ ಸರಿದು ಆ ಒಂದು ಪಾದ ಊರಿದರೆ ಸಾಕು. ಆದರೆ ಹಿಂದೆ ಒಬ್ಬರು ಕುಳಿತಾಗ, ಇಳಿಜಾರಿನಲ್ಲಿ, ಎಡಗಾಲಿನ ತುದಿ ಮಾತ್ರ ತಾಗುತ್ತಿದ್ದರೆ ಆ ಗಾಡಿ ಬೇಡವೇ ಬೇಡ. 815 ಮಿಲಿಮೀಟರಿನ ಎಜ್ಡಿ ಅಡ್ವೆಂಚರ್ ಈ ಗುಂಪಿನಲ್ಲಿ ತಗ್ಗಿನದು. ಹಿಮಾಲಯನ್ 450ಕ್ಕೆ 825. ತಗ್ಗು ಸೀಟು ಬೇರೆಯಾಗಿ ಸಿಗುತ್ತದೆ. ಉಳಿದವು ಬಹುಮಟ್ಟಿಗೆ 830, 835.

ಇನ್ನು ಹಿಂದೆ ಕೂಡುವವರ ಮಾತು. ಅಂಗಡಿಗೆ ಗಂಡ ಒಬ್ಬನೇ ಹೋಗಿ ಗಾಡಿ ಆರಿಸುವುದು ನಮ್ಮಲ್ಲಿ ರೂಢಿ, ಅನ್ಯಾಯದ ರೂಢಿ. ಇನ್ನೂರು ಕಿಲೋಮೀಟರು ಹಿಂದೆ ಕುಳಿತು ಬೆನ್ನು ನೋಯಿಸಿಕೊಳ್ಳುವವರು ಅವರು. ಈ ಗಾಡಿಗಳ ಹಿಂದಿನ ಸೀಟು ಎತ್ತರ. ಸೀರೆಯುಟ್ಟವರು ಹತ್ತುವುದು ಕುದುರೆ ಹತ್ತಿದಂತೆಯೇ. ಸೀರೆ ಗಾರ್ಡನ್ನು "ಚೆಂದ ಕಾಣುವುದಿಲ್ಲ" ಎಂದು ಕಿತ್ತುಹಾಕುವ ಹುಡುಗರು ತಿಳಿಯಲಿ: ಹಿಂಗಾಲಿಗೆ ಅಂಥ ಮರೆಯೂ, ಹಿಂದೆ ಕುಳಿತವರಿಗೆ ಹಿಡಿಯೂ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳಿದ್ದು. ಸೆರಗು, ದುಪಟ್ಟಾ ಗಾಲಿಗೆ ಸಿಕ್ಕಿದ ಕಥೆಗಳು ಇಲ್ಲಿ ಕಡಿಮೆಯಿಲ್ಲ. ನಾಲ್ಕು ವರ್ಷದೊಳಗಿನ ಕೂಸಾದರೆ 2022ರ ನಿಯಮದಂತೆ ಸವಾರನಿಗೆ ಬಿಗಿದ ಪಟ್ಟಿ, ತಲೆಗೆ ಹೆಲ್ಮೆಟ್ಟು, ವೇಗ 40ರ ಒಳಗೆ. ಕೂಸನ್ನು ಕರೆದುಕೊಂಡು ಜಲ್ಲಿಗೆ ಇಳಿಯುವ ಮಾತೇ ಬೇಡ.

ನಮ್ಮ ಗುಜರಾತಿನ ಎರಡು ವಿಶೇಷಗಳನ್ನು ಕಂಪನಿಯ ಹೊತ್ತಗೆ ಹೇಳುವುದಿಲ್ಲ. ಒಂದು ಬಿಸಿಲು. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣತೆ 48 ಡಿಗ್ರಿ ಮುಟ್ಟಿತ್ತು. ನೀರಿನಿಂದ ತಣಿಯುವ ಎಂಜಿನ್ ಇಂಥ ದಿನ ತಾನು ತಣ್ಣಗಿರುತ್ತದೆ, ತನ್ನ ಬಿಸಿಗಾಳಿಯನ್ನು ಮಾತ್ರ ಸವಾರನ ಮೊಣಕಾಲಿಗೆ ಊದುತ್ತದೆ. ಬೇಸಗೆಯ ಮಧ್ಯಾಹ್ನ, ನಗರದ ಸಂದಣಿಯಲ್ಲಿ ಓಡಿಸಿ ನೋಡದೆ ಯಾವುದನ್ನೂ ಕೊಳ್ಳಬೇಡಿ. ಇನ್ನೊಂದು ಉತ್ತರಾಯಣ. ಜನವರಿ 14ರ ಹಿಂದೆ ಮುಂದೆ ಗಾಳಿಪಟದ ಮಾಂಜಾ ದಾರ ಕತ್ತಿಗೆ ಅಡ್ಡ ಬರುವುದನ್ನು ನಾವೆಲ್ಲ ಬಲ್ಲೆವು. ಸ್ಕೂಟರಿಗೆ ಹಾಕುವ ಬಾಗಿದ ತಂತಿಯ ಕಮಾನು ಈ ಅಗಲ ಹ್ಯಾಂಡಲ್ಲಿಗೆ ಸರಿಯಾಗಿ ಕೂಡುವುದಿಲ್ಲ, ಉದ್ದದ್ದನ್ನು ಮಾಡಿಸಬೇಕು. ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡು ಆ ವಾರ ಮೆಲ್ಲಗೆ ಹೋಗುವುದು ಎಲ್ಲಕ್ಕಿಂತ ಮೇಲು.

ಇಲ್ಲಿಗೆ ಕಾಸಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾದದ್ದರಿಂದ 350 ಸಿ.ಸಿ. ಎಂಬ ಗೆರೆ ಲಕ್ಷ್ಮಣರೇಖೆಯಾಗಿದೆ. ಅದರೊಳಗಿನ ಗಾಡಿಗಳಿಗೆ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಮೇಲಿನವಕ್ಕೆ ಉಪಕರವೂ ಸೇರಿ 31 ಇದ್ದದ್ದು 40ಕ್ಕೆ ಏರಿತು. ಮೂಲಬೆಲೆ ಎರಡು ಲಕ್ಷವೆಂದು ಇಟ್ಟುಕೊಂಡರೆ ಗೆರೆಯ ಈಚೆ ತೆರಿಗೆ 36,000, ಆಚೆ 80,000. ಆ 44,000 ರೂಪಾಯಿಯಲ್ಲಿ ಒಳ್ಳೆಯ ಹೆಲ್ಮೆಟ್ಟು ಎರಡು, ಜಾಕೀಟು, ಬೂಟು, ಕೈಗವಸು ಎಲ್ಲವೂ ಬಂದು ಎರಡು ಸಲ ಊರಿಗೆ ಹೋಗಿಬರುವ ಪೆಟ್ರೋಲೂ ಉಳಿಯುತ್ತದೆ. ಕೇಂದ್ರ ಸರಕಾರದ ನೌಕರರಿಗೆ ಹಿಂದೆ ಇದ್ದ ಮೋಟಾರು ಸೈಕಲ್ ಮುಂಗಡವೂ ಏಳನೆಯ ವೇತನ ಆಯೋಗದೊಂದಿಗೆ ನಿಂತುಹೋಯಿತು. ಸಾಲವೆಂದರೆ ಇನ್ನು ಬ್ಯಾಂಕಿನದೇ.

ವರ್ಗವಾಗುವ ನೌಕರಿಯವರು ನೋಂದಣಿಯ ವಿಷಯವನ್ನು ಮರೆಯಬಾರದು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಾಯಿಸಿ ತೆರಿಗೆ ಕಟ್ಟಬೇಕು. ಕರ್ನಾಟಕದ ರಸ್ತೆ ತೆರಿಗೆಯಂತೂ ದೇಶದಲ್ಲೇ ಭಾರಿಯಾದವುಗಳಲ್ಲಿ ಒಂದು. 2021ರಲ್ಲಿ ಬಂದ ಬಿ.ಎಚ್. ಸಾಲಿನ ನೋಂದಣಿ ಈ ತಾಪತ್ರಯವನ್ನು ತಪ್ಪಿಸುತ್ತದೆ. ಸರಕಾರಿ ನೌಕರರಿಗೂ, ಸರಕಾರಿ ಬ್ಯಾಂಕು ಉದ್ಯಮಗಳವರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳವರಿಗೂ ಇದು ಸಿಗುತ್ತದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋಗಬಹುದು. ನಾಳೆ ಹುಬ್ಬಳ್ಳಿಗೆ ವರ್ಗವಾದರೆ ಗಾಡಿಯೂ ನಿರಾತಂಕವಾಗಿ ಜೊತೆಗೆ ಬರುತ್ತದೆ.

ಹಾಗಾದರೆ ಯಾವುದು? ಸೂರತ್ತಿನ ಮಿತ್ರರಿಗೆ, ಹಿಂದೆ ಮನೆಯವರು ಕೂಡುವುದರಿಂದಲೂ ಡಾಂಬರೇ ಹೆಚ್ಚಾದ್ದರಿಂದಲೂ, 19 ಅಂಗುಲದ ಮುಂಗಾಲಿ, ಟ್ಯೂಬಿಲ್ಲದ ಟಯರು, 350ರ ಒಳಗಿನ ಎಂಜಿನ್ ಇರುವುದೇ ಸರಿ. ಟಿ.ವಿ.ಎಸ್. ಕಂಪನಿ 2025ರ ಅಕ್ಟೋಬರಿನಲ್ಲಿ ತಂದ ಅಪಾಚೆ ಆರ್.ಟಿ.ಎಕ್ಸ್. 300 ಈ ಲೆಕ್ಕಕ್ಕೆ ಹೊಂದುತ್ತದೆ: 299 ಸಿ.ಸಿ., 36 ಅಶ್ವಶಕ್ತಿ, 180 ಕಿಲೋ. ಇನ್ನೂ ಹಗುರ ಬೇಕಾದರೆ 2022ರಿಂದ ಇರುವ ಸುಜುಕಿ ವಿ-ಸ್ಟ್ರಾಮ್ ಎಸ್.ಎಕ್ಸ್., 249 ಸಿ.ಸಿ., 167 ಕಿಲೋ. ಹೆದ್ದಾರಿಯಲ್ಲಿ ದಣಿಯದ ಸಾಧು ಎಂಜಿನ್; ಆದರೆ ಹಿಂದಿನ ಎ.ಬಿ.ಎಸ್. ಆರಿಸುವ ಗುಂಡಿಯಿಲ್ಲ. ಡಾಂಗಿನ ಇಳಿಜಾರಿನಲ್ಲಿ ಅದು ನೆನಪಿರಲಿ. ವಡೋದರೆಯ ತರುಣರು ಒಬ್ಬರೇ ಓಡಿಸುವವರಾದ್ದರಿಂದ ಎಕ್ಸ್‌ಪಲ್ಸ್ 210ನ್ನು ನೋಡಬಹುದು. 21 ಅಂಗುಲದ ಮುಂಗಾಲಿ, 24.6 ಅಶ್ವಶಕ್ತಿ, ಜಾಂಬುಘೋಡಾದ ದಾರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಸೀಟು 830 ಆದರೂ ಗಾಡಿ ಕಿರಿದು, ಹಗುರ, ಬಿದ್ದರೆ ಎದ್ದೀತು. ಎತ್ತರ ಇನ್ನೂ ಅಂಜಿಕೆ ಎನಿಸಿದರೆ ಎಜ್ಡಿ, ತೂಕ ಹೆಚ್ಚೆಂಬ ಅರಿವಿನೊಡನೆ. ಹಿಮಾಲಯನ್ 450 ಒಳ್ಳೆಯ ಗಾಡಿ ಎಂಬಲ್ಲಿ ಎರಡು ಮಾತಿಲ್ಲ. ನಲವತ್ತು ಅಶ್ವಶಕ್ತಿ, 17 ಲೀಟರಿನ ಟ್ಯಾಂಕು, 200 ಮಿಲಿಮೀಟರು ಓಡಾಡುವ ಸ್ಪ್ರಿಂಗು. ಲಡಾಖಿಗೆ, ಖಾವಡಾದಿಂದ ಧೋಳಾವೀರಕ್ಕೆ, ವರ್ಷಕ್ಕೆ ನಾಲ್ಕು ಸಲ ದೂರ ಹೋಗುವವರು ಕೊಳ್ಳಲಿ. ಕಚೇರಿಗೂ ಮನೆಗೂ ಓಡಾಡಿ ವರ್ಷಕ್ಕೆ ಎರಡು ಸಲ ಸಾಪುತಾರ ನೋಡುವವನಿಗೆ ಅದು ಆನೆ ಸಾಕಿದಂತೆ.

ಅಹಮದಾಬಾದಿನ ಮಗ ಕೇಳುತ್ತಿರುವುದು ಕೆ.ಟಿ.ಎಂ. 390 ಅಡ್ವೆಂಚರ್. 2025ರ ಹೊಸ ಮಾದರಿ 399 ಸಿ.ಸಿ., 46 ಅಶ್ವಶಕ್ತಿ, 183 ಕಿಲೋ. ಈ ಗುಂಪಿನಲ್ಲಿ ಎಲ್ಲಕ್ಕಿಂತ ಚುರುಕು. ಚುರುಕಾದ್ದರಿಂದಲೇ ನಮಗೆ ಅಳುಕು. ಕೈ ಪಳಗಿದವನಿಗೆ ಅದು ಒಳ್ಳೆಯ ಕುದುರೆ. ಹೊಸ ಸವಾರ ಜಲ್ಲಿಯ ಮೇಲೆ ಹಿಡಿ ಸ್ವಲ್ಪ ಹೆಚ್ಚು ತಿರುಗಿಸಿದರೆ ಹಿಂಗಾಲಿ ತಾನೇ ಮುಂದೆ ಬರಲು ನೋಡುತ್ತದೆ.

ತಾಯಿಯವರೇ, ಬೇಡವೆನ್ನಬೇಡಿ, ಕ್ರಮ ಹೇಳಿ. ಜಲ್ಲಿಯಲ್ಲಿ ಓಡಿಸುವುದು ಕಲಿಯಬೇಕಾದ ವಿದ್ಯೆ: ಫುಟ್‌ರೆಸ್ಟಿನ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ, ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದು, ದೂರ ನೋಡುತ್ತ ಹೋಗುವುದು. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, ಈ ವಿದ್ಯೆ ಕಲಿಸಲೆಂದೇ ಅವರು ಕೋಲಾರದ ಬಳಿ ಮೈದಾನವೊಂದನ್ನು ಕಟ್ಟಿದರು. ಅಂಥವರೇ 2021ರ ಡಾಕರಿನಲ್ಲಿ ಬಿದ್ದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ದಿನ ಕಳೆದು ಚೇತರಿಸಿಕೊಂಡರು ಎಂಬುದನ್ನೂ ಮಗನಿಗೆ ಹೇಳಿ. 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದ ಐಶ್ವರ್ಯಾ ಪಿಸ್ಸೆಯೂ ಬೆಂಗಳೂರಿನವರೇ. ಆಕೆಗೂ ತಾಯಿ ಇದ್ದಾರೆ. ಮೊದಲ ವರ್ಷ ಹಗುರದ ಗಾಡಿ, ಎರಡು ದಿನದ ತರಬೇತಿ, ಐ.ಎಸ್.ಐ. ಗುರುತಿನ ಹೆಲ್ಮೆಟ್ಟು, ರಾತ್ರಿ ಹೆದ್ದಾರಿ ಇಲ್ಲ, ಜಲ್ಲಿಗೆ ಒಬ್ಬನೇ ಹೋಗುವುದಿಲ್ಲ: ಈ ಐದಕ್ಕೆ ಅವನು ಒಪ್ಪಿದರೆ ನೀವೂ ಒಪ್ಪಿ. ವರ್ಷದ ಮೇಲೆ ಹಳೆಯದನ್ನು ಮಾರಿ ದೊಡ್ಡದನ್ನು ಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅಂಗಡಿಗೆ ಅವನ ಜೊತೆ ನೀವೂ ಹೋಗಿ, ಹಿಂದಿನ ಸೀಟಿನಲ್ಲಿ ಕುಳಿತು ನೋಡಿ. ಗಾಡಿ ಓಡಿಸಿ ನೋಡುವಾಗ ಅವನು ತಿರುವಿನಲ್ಲಿ ಹೇಗೆ ಬ್ರೇಕು ಹಿಡಿಯುತ್ತಾನೆ ಎಂಬುದು ನಿಮ್ಮ ಬೆನ್ನಿಗೆ ತಿಳಿಯುತ್ತದೆ. ಕಾಗದದಲ್ಲಿ ಮಗನ ಎತ್ತರ ಎಷ್ಟೆಂದು ಬರೆದಿಲ್ಲ. ಅದನ್ನು ಅಂಗುಲದಲ್ಲಿ ತಿಳಿಸಿದರೆ ಯಾವ ಸೀಟು ಹೊಂದೀತೆಂದು ಮುಂದಿನ ಸಂಚಿಕೆಯ ತನಕ ಕಾಯಿಸದೆ ಅಂಚೆಯಲ್ಲೇ ಉತ್ತರ ಕಳಿಸುತ್ತೇವೆ.